ಕೌಲ್ ಬಜಾರ್ ಕಡೆ ಹಳೇ ಪುಸ್ತಕದ ಅಂಗಡಿ, ಟೈಮ್ ಇಟ್ಕೊಂಡು ಹೋಗ್ರಿ

ಬಳ್ಳಾರಿಯಾಗ ಎಕ್ಸಾಮ್ ಬುಕ್ ಹುಡುಕ್ಕೊಂಡು ಈ ಅಂಗಡಿಗೆ ಹೋಗಿದ್ದೆ, ಮೂಲೆ ರ‍್ಯಾಕಿನಾಗ ಚರ್ಚು ಮತ್ತ ಗುಲಾಮಗಿರಿ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ತು, ಅಲ್ಲೇ ಸ್ಟೂಲ್ ಮ್ಯಾಲ ಕುಂತು ಎರಡು ತಾಸು ಓದಿದೆ, ಅಂಗಡಿ ಅಣ್ಣಾರು ಒಂದ್ ಮಾತು ಅನ್ನಲಿಲ್ಲ.

1710ರಾಗ ಕಾಡ್ರಿಂಗ್ಟನ್ ಅನ್ನೋ ಸಾಹೇಬ ಸಾಯೋವಾಗ ಬಾರ್ಬಡೋಸ್‌ದಾಗಿನ ತನ್ನ ಎರಡು ಕಬ್ಬಿನ ತೋಟಾನ ಗುಲಾಮರ ಸಮೇತ ಆಂಗ್ಲಿಕನ್ ಚರ್ಚಿನ (ಅಂದ್ರ ಚರ್ಚ್ ಆಫ್ ಇಂಗ್ಲೆಂಡ್) ಮಿಷನ್ ಸೊಸೈಟಿಗೆ ಬರ್ದಿಟ್ಟ, ಆ ಜನರ ಎದಿ ಮ್ಯಾಲ ಕಾದ ಕಬ್ಬಿಣದ್ಲೆ 'ಸೊಸೈಟಿ' ಅಂತ ಬರಿ ಹಾಕ್ತಿದ್ರು. ಕಂಪ್ಲಿ ಕಡೆ ಕಬ್ಬು ಕಡಿಯೋರ ಕೈ ನೋಡ್ಕೊಂತ ಬೆಳೆದೋನು ನಾನು, ಆ ಪೇಜ್ ದಾಟಾಕ ಆಗ್ಲಿಲ್ಲ ನೋಡ್ರಿ. 1834ರಾಗ ಗುಲಾಮಗಿರಿ ರದ್ದಾದಾಗ ಪರಿಹಾರ ಕೊಟ್ಟಿದ್ದು ಮಾಲೀಕರಿಗೆ, ಸೊಸೈಟಿಗೂ 8,000 ಪೌಂಡ್ ಮ್ಯಾಲೆ ಬಂತು, ದುಡಿದೋರಿಗೆ ಒಂದ್ ಪೈಸಾ ಇಲ್ಲ. ಚರ್ಚ್ ಆಫ್ ಇಂಗ್ಲೆಂಡ್ ಕ್ಷಮೆ ಕೇಳಿದ್ದು 2006ರಾಗ.

ಇನ್ನೊಂದು ಕಡೆ ಲಂಡನ್ ಮಿಷನರಿ ಸೊಸೈಟಿ ಪಾದ್ರಿ ಜಾನ್ ಸ್ಮಿತ್, 1823ರ ಡೆಮೆರಾರಾ (ಈಗಿನ ಗಯಾನಾದಾಗ ಐತಿ) ಗುಲಾಮರ ದಂಗೆಗೆ ಕುಮ್ಮಕ್ಕು ಕೊಟ್ಟ ಅಂತ ಮರಣದಂಡನೆ ಹಾಕಿದ್ರು, ಮುಂದಿನ ವರ್ಷ ಜೈಲಿನಾಗ ಸತ್ತ. 1810ರಾಗ ನಮ್ಮ ಬಳ್ಳಾರಿಗೆ ಬಂದ ಪಾದ್ರಿ ಜಾನ್ ಹ್ಯಾಂಡ್ಸ್ ಕೂಡ ಅದೇ ಲಂಡನ್ ಸೊಸೈಟಿಯವ್ರು! ಹಂಗಾಗಿ ಎಲ್ಲಾರನ್ನೂ ಒಂದೇ ತಕ್ಕಡಿಯಾಗ ಹಾಕಾಕ ಬರಂಗಿಲ್ಲ.

ಅಂಗಡಿಯಾಗ ಧೂಳು ಜಾಸ್ತಿ, ಫ್ಯಾನ್ ಇಲ್ಲ, ರೇಟ್ ಕೇಳೇ ತಗೋಬೇಕು. ಇತಿಹಾಸದ ಬುಕ್ ಮಾತ್ರ ಹಿಂದಿನ ರೂಮಿನಾಗ ಭಾಳ ಅದಾವ, ಕೇಳಿದ್ರ ತೆಗ್ದು ತೋರಿಸ್ತಾರ.