ಮಳೆಗಾಲ ದಾಟಿದ ವೈರ್ ಇಯರ್‌ಫೋನ್: ಕೊಡಗಿನ ಸಿದ್ದಾಪುರ ಕಡೆಯ ಬಳಕೆದಾರರೊಬ್ಬರ ವಿಮರ್ಶೆ

ನಾನು ಬಳಸುತ್ತಿರುವುದು ಕಿವಿಯೊಳಗೆ ಕೂರುವ ವೈರ್ ಇಯರ್‌ಫೋನ್. ಒಂದೊಂದು ಕಿವಿಗೂ 10 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್, ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್. ವೈರನ್ನು ಬಿಚ್ಚಿ ಬೇರೆ ಹಾಕಬಹುದು. ಬೆಲೆ ಎರಡು ಸಾವಿರ ರೂಪಾಯಿಯೊಳಗೆ. ಇದೇ ಅಚ್ಚಿನವು ಈಗ ಎಷ್ಟೋ ಕಂಪನಿಗಳಿಂದ ಬರುತ್ತಿವೆ. ಹಾಗಾಗಿ ಒಂದು ಹೆಸರನ್ನು ಹೊಗಳುವುದಕ್ಕಿಂತ, ಕೊಳ್ಳುವಾಗ ಏನು ನೋಡಬೇಕು, ತಂದ ಮೇಲೆ ಹೇಗೆ ಇಟ್ಟುಕೊಳ್ಳಬೇಕು ಎಂದು ಹೇಳಿದರೆ ಓದುವವರಿಗೆ ಹೆಚ್ಚು ಉಪಯೋಗ. ಜೂನ್ ಹಿಡಿದರೆ ನಮ್ಮ ಕಡೆ ಬೀರುವಿನೊಳಗಿನ ಬೆಲ್ಟಿಗೂ ಬೂಸ್ಟು ಬರುತ್ತದೆ, ಒಣಗಲು ಹಾಕಿದ ಬಟ್ಟೆ ವಾರವಾದರೂ ತಣ್ಣಗೇ ಇರುತ್ತದೆ. ಅಂಥ ಹವೆಯಲ್ಲಿ ಎರಡು ಮಳೆಗಾಲ ಕಳೆದರೂ ಇದರ ಸ್ವರ ಕೆಟ್ಟಿಲ್ಲ. ಬರೆಯಬೇಕು ಅನಿಸಿದ್ದು ಅದಕ್ಕೇ.

ಮೊದಲ ಮಾತು ಕಿವಿಗೆ ಕೂರುವುದರ ಬಗ್ಗೆ. ಇದೊಂದು ಸರಿಯಿಲ್ಲದಿದ್ದರೆ ಎಷ್ಟು ಬೆಲೆಯದು ತಂದರೂ ದಂಡ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ರಬ್ಬರಿನಂಥ ಸಿಲಿಕೋನ್ ಟಿಪ್ ಇರುತ್ತವೆ. ಮಧ್ಯಮದ ಜೊತೆಯನ್ನು ಫ್ಯಾಕ್ಟರಿಯಲ್ಲೇ ಹಾಕಿ ಕಳಿಸಿರುತ್ತಾರೆ. ಹೆಚ್ಚಿನವರು ಅದನ್ನೇ ಕಿವಿಗಿಟ್ಟು, ಬೇಸ್ ಇಲ್ಲ, ತಗಡಿನ ಸದ್ದು ಎಂದು ಬದಿಗಿಡುತ್ತಾರೆ. ಇಷ್ಟು ಸಣ್ಣ ಡ್ರೈವರ್ ಕೆಳಗಿನ ಸ್ವರವನ್ನು ಕಿವಿಗೆ ಮುಟ್ಟಿಸುವುದು ಟಿಪ್ಪಿನಾಚೆ ಕಿವಿಯ ನಾಳದಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಒತ್ತಿ, ಎಳೆದು. ಟಿಪ್ಪಿನ ಬದಿಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಆ ಒತ್ತಡ ಸೋರಿಹೋಗುತ್ತದೆ, ಅದರ ಜೊತೆಗೆ ಬೇಸೂ ಹೋಗುತ್ತದೆ.

ನನ್ನ ಪರೀಕ್ಷೆಗೆ ತಂಬೂರಿ ಒಂದೇ ಸಾಕು. ಯಾವುದಾದರೂ ತಂಬೂರಿಯ ಶ್ರುತಿಯನ್ನು ಫೋನಿನಲ್ಲಿ ಹಾಕಿ. ಎಡಗೈಯಿಂದ ಬಲಗಿವಿಯ ಮೇಲ್ತುದಿಯನ್ನು ಸ್ವಲ್ಪ ಮೇಲಕ್ಕೆಳೆದು, ಬಲಗೈಯಿಂದ ಇಯರ್‌ಫೋನನ್ನು ಒಳಗೆ ತಳ್ಳಿ, ಕಿವಿ ಬಿಡಿ. ಟಿಪ್ ಕೂತಿದ್ದರೆ ಮಂದ್ರ ಷಡ್ಜದ ತಂತಿ ಮೀಟಿದಾಗ ಅದರ ಗಾತ್ರ ಗೊತ್ತಾಗುತ್ತದೆ. ಕೂತಿಲ್ಲದಿದ್ದರೆ ತಂತಿಯಡಿಯ ಜೀವಾಳಿ ನೂಲಿನ ಝೇಂಕಾರ ಮಾತ್ರ ಉಳಿದು, ಕೆಳಗಿನ ನಾದ ಮಾಯ. ಇನ್ನು ಬಾಯಿ ಆಡಿಸಿ, ಏನಾದರೂ ಜಗಿದಂತೆ ಮಾಡಿ. ದವಡೆ ಅಲುಗಿದಾಗ ಸ್ವರ ತೆಳ್ಳಗಾದರೆ ಒಂದು ಅಳತೆ ದೊಡ್ಡದು ಹಾಕಿ ನೋಡಿ. ಸರಿಯಾಗಿ ಕೂತಾಗ ನಮ್ಮ ಮಾತೇ ನಮಗೆ ಹಂಡೆಯೊಳಗೆ ತಲೆಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ, ಅದು ಒಳ್ಳೆಯ ಲಕ್ಷಣ. ಎರಡು ಕಿವಿಗೂ ಒಂದೇ ಅಳತೆ ಆಗಬೇಕೆಂದೇನಿಲ್ಲ. ನನಗೆ ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು.

ಫೋಮ್ ಟಿಪ್ ಇನ್ನೂ ಚೆನ್ನಾಗಿ ಕೂರುತ್ತದೆ, ಹೊರಗಿನ ಸದ್ದನ್ನೂ ಹೆಚ್ಚು ತಡೆಯುತ್ತದೆ. ಆದರೆ ಕೊಡಗಿನಲ್ಲಿ ಅದು ಬೇಸಿಗೆಯ ಸಾಮಾನು. ಜೋರು ಮಳೆಯ ಕಕ್ಕಡದ ತಿಂಗಳಲ್ಲಿ ತೇವ ಹೀರಿ ಒಣಗುವುದೇ ಇಲ್ಲ, ವಾಸನೆ ಬರುತ್ತದೆ. ಒದ್ದೆ ಟಿಪ್ಪನ್ನು ಕಿವಿಗೆ ತುರುಕಿಕೊಂಡರೆ ಕಿವಿಯೊಳಗೆ ಶಿಲೀಂಧ್ರ ಬೆಳೆಯಲು ನಾವೇ ಜಾಗ ಮಾಡಿಕೊಟ್ಟ ಹಾಗೆ. ಸ್ನಾನ ಮಾಡಿ ಬಂದ ಕೂಡಲೇ ಇಯರ್‌ಫೋನ್ ಹಾಕುವ ಅಭ್ಯಾಸ ಇರುವವರು ಮಳೆಗಾಲದಲ್ಲಾದರೂ ಅದನ್ನು ಬಿಡಬೇಕು. ತೊಳೆದು ಒರೆಸಿದರೆ ಐದು ನಿಮಿಷದಲ್ಲಿ ಒಣಗುವ ಸಿಲಿಕೋನ್ ಟಿಪ್ಪೇ ನಮಗೆ ಸರಿ.

ಬಾಳಿಕೆಯ ವಿಷಯಕ್ಕೆ ಬಂದರೆ, ಇಲ್ಲಿ ಇಯರ್‌ಫೋನನ್ನು ಕೊಲ್ಲುವುದು ನೆತ್ತಿಯ ಮೇಲೆ ಬೀಳುವ ಮಳೆಯಲ್ಲ, ಗಾಳಿಯಲ್ಲೇ ಇರುವ ತೇವ. ಪೆಟ್ಟಿಗೆಯ ಮೇಲೆ ಐಪಿಎಕ್ಸ್4 ಎಂದಿದ್ದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ ಎಂದರ್ಥ. ಐಪಿಎಕ್ಸ್7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಒಳಗೆ ಹಾನಿಯಾಗಬಾರದು. ಎರಡೂ ಬರಿಯ ನೀರಿನ ಪರೀಕ್ಷೆಗಳು. ಬೆವರಿನ ಉಪ್ಪು, ನಾಲ್ಕು ತಿಂಗಳು ಬಿಡದೆ ಕೂರುವ ಶೀತ ಆ ಲೆಕ್ಕಕ್ಕೆ ಬರುವುದಿಲ್ಲ. ಫೋನಿಗೆ ಚುಚ್ಚುವ ಪಿನ್ನಿಗೆ ಕಿಲುಬು ಹಿಡಿಯುವುದು ಈ ಉಪ್ಪು ಮತ್ತು ತೇವದಿಂದಲೇ. ಮೊದಲು ಕರಕರ ಸದ್ದು, ಆಮೇಲೆ ಪಿನ್ ತಿರುಗಿಸಿದರೆ ಮಾತ್ರ ಎರಡೂ ಕಡೆ ಕೇಳುವುದು, ಕೊನೆಗೆ ಒಂದು ಕಡೆ ಬಂದ್.

ಬಿಚ್ಚುವ ವೈರ್ ಬೇಕು ಎನ್ನುವುದು ಇದಕ್ಕೇ. ವೈರ್ ಇಯರ್‌ಫೋನಿನಲ್ಲಿ ಡ್ರೈವರ್ ಸಾಯುವುದು ಅಪರೂಪ, ಸಾಯುವುದು ವೈರ್. ಅದೂ ಫೋನಿಗೆ ಚುಚ್ಚುವ ಪಿನ್ನಿನ ಬುಡದಲ್ಲಿ, ಜೇಬಿನೊಳಗೆ ಮಡಚಿ ಮಡಚಿ. ನನ್ನದರಲ್ಲೂ ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ವೈರಿನ ಮೇಲಿನ ಬಟನ್ ಕೆಲಸ ನಿಲ್ಲಿಸಿತು, ಮೈಕಿನಲ್ಲೂ ಗೊರಗೊರ. ಬೇರೆ ವೈರ್ ತರಿಸಿ ಸಿಕ್ಕಿಸಿದೆ, ಮುಗಿಯಿತು. ಇಯರ್‌ಫೋನ್ ಅದೇ, ಟಿಪ್ ಅದೇ, ಸ್ವರ ಅದೇ. ವೈರ್ ಇಯರ್‌ಫೋನಿಗೆ ಸೇರುವ ಜೋಡಣೆಯಲ್ಲಿ ಎರಡು ಬಗೆ ಹೆಚ್ಚು ಸಿಗುತ್ತವೆ: 0.78 ಮಿಲಿಮೀಟರ್ ದಪ್ಪದ ಎರಡು ಪಿನ್ನಿನದು, ಮತ್ತು ಗುಂಡಗೆ ತಿರುಗುವ ಎಂಎಂಸಿಎಕ್ಸ್. ತಿರುಗುವುದು ತಿರುಗಿ ತಿರುಗಿಯೇ ಸವೆಯುತ್ತದೆ, ಸವೆದ ಸಂದಿಗೆ ತೇವ ಸೇರುತ್ತದೆ. ನನ್ನ ಆಯ್ಕೆ ಎರಡು ಪಿನ್ನಿನದು. ಫೋನಿನ ಕಡೆಯ ಪಿನ್ ನೆಟ್ಟಗಿರುವುದಕ್ಕಿಂತ ಮೊಣಕೈಯಂತೆ ಬಾಗಿದ್ದರೆ ಇನ್ನೂ ಒಳ್ಳೆಯದು.

ಇಡುವುದು ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ, ಜೊತೆಗೆ ಶೂ ಪೆಟ್ಟಿಗೆಯಲ್ಲೋ ಮಾತ್ರೆ ಡಬ್ಬಿಯಲ್ಲೋ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಡಬ್ಬಿಗೆ ಹಾಕುವ ಮೊದಲು ಒಣ ಹತ್ತಿ ಬಟ್ಟೆಯಲ್ಲಿ ಪಿನ್ ಒಂದು ಸಲ ಒರೆಸುತ್ತೇನೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೇರಿಸಿ ಒಣಗಿಸುವ ರೂಢಿ ಇದೆಯಲ್ಲ, ಇಯರ್‌ಫೋನಿಗೆ ಮಾತ್ರ ಅದು ಬೇಡ. ಬಿಸಿಗೆ ಒಳಗಿನ ಅಂಟು ಸಡಿಲವಾಗುತ್ತದೆ, ಹೊಗೆಯ ಜಿಡ್ಡು ಸದ್ದು ಹೊರಬರುವ ಬಾಯಿಯ ಜಾಲರಿಗೆ ಕೂರುತ್ತದೆ.

ಜಾಲರಿ ಎಂದಾಗ ಒಂದು ಸಂಗತಿ. ಹೋದ ಹುತ್ತರಿ ಹಬ್ಬಕ್ಕೆ ಬಂದಿದ್ದ ಚಿಕ್ಕಮ್ಮ ತಮ್ಮ ಇಯರ್‌ಫೋನ್ ತೆಗೆದು ಕೊಟ್ಟರು. "ಒಂದು ಕಡೆ ಕೇಳ್ತಾ ಇಲ್ಲ ನೋಡು, ಹಾಳಾಯ್ತು ಅಂತ ಕಾಣ್ತದೆ. ಬಿಸಾಡೋದಾ?" ಟಿಪ್ ಕಳಚಿ ಬೆಳಕಿಗೆ ಹಿಡಿದರೆ ಜಾಲರಿಯ ಮುಕ್ಕಾಲು ಭಾಗ ಕಿವಿಯ ಮೇಣದಿಂದ ಮುಚ್ಚಿತ್ತು. ಜಾಲರಿ ಕೆಳಮುಖವಾಗಿ ಬರುವಂತೆ ಹಿಡಿದು, ಮಕ್ಕಳ ಮೆದು ಟೂತ್‌ಬ್ರಷ್‌ನಿಂದ ನೀರು ತಾಗಿಸದೆ ಮೆಲ್ಲಗೆ ಉಜ್ಜಿದೆ. ಕೆಳಮುಖ ಯಾಕೆಂದರೆ ಎದ್ದ ಪುಡಿ ಒಳಗೆ ಹೋಗದೆ ಹೊರಗೆ ಬೀಳಬೇಕು. ಸೂಜಿ ಹಾಕಬಾರದು, ಸ್ಪಿರಿಟ್ ಬಿಡಬಾರದು. ಟಿಪ್ಪನ್ನು ಮಾತ್ರ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿದೆ. ಚಿಕ್ಕಮ್ಮ ಅದನ್ನು ಈಗಲೂ ಬಳಸುತ್ತಿದ್ದಾರೆ. ಒಂದು ಕಡೆ ಸದ್ದು ಕಡಿಮೆಯಾಯಿತೆಂದು ಅಂಗಡಿಗೆ ಓಡುವ ಮೊದಲು ಇಷ್ಟು ಮಾಡಿ ನೋಡಬೇಕು.

ಈಗ ಫೋನಿನ ಕಡೆ. ಆಪಲ್ 2016ರಲ್ಲಿ ಐಫೋನ್ 7ರಿಂದ ಇಯರ್‌ಫೋನ್ ಚುಚ್ಚುವ 3.5 ಮಿಲಿಮೀಟರ್ ಜಾಕ್ ತೆಗೆಯಿತು, ಆಮೇಲೆ ಒಂದೊಂದಾಗಿ ಹೆಚ್ಚಿನ ಕಂಪನಿಗಳೂ ತೆಗೆದವು. ಜಾಕ್ ಇಲ್ಲದ ಫೋನಿಗೆ ಟೈಪ್-ಸಿ ಕನ್ವರ್ಟರ್ ಬೇಕು. ನೋಡಲು ಒಂದೇ ಥರ ಇರುವ ಈ ತುಂಡು ವೈರಿನಲ್ಲಿ ಎರಡು ಜಾತಿ. ಒಂದರಲ್ಲಿ ಬರಿಯ ತಂತಿ ಮಾತ್ರ, ಫೋನೇ ಅನಲಾಗ್ ಸಿಗ್ನಲ್ ಕೊಟ್ಟರಷ್ಟೇ ಅದು ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಡ್ಯಾಕ್ ಚಿಪ್ ಇರುತ್ತದೆ, ಅದು ಹೆಚ್ಚುಕಮ್ಮಿ ಎಲ್ಲ ಹೊಸ ಫೋನಿಗೂ ಆಗುತ್ತದೆ. ಅಂಗಡಿಯಲ್ಲಿ ಕೇಳುವಾಗ "ಡ್ಯಾಕ್ ಇರುವುದು ಕೊಡಿ" ಎಂದೇ ಕೇಳಬೇಕು, ಅಲ್ಲೇ ನಮ್ಮ ಫೋನಿಗೆ ಹಾಕಿ ಹಾಡು ಕೇಳಿಯೇ ದುಡ್ಡು ಕೊಡಬೇಕು. ಕೆಲವು ಫೋನ್‌ಗಳಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಓಟಿಜಿ (ಹೊರಗಿನ ಸಾಧನ ಜೋಡಿಸುವ ಸೌಲಭ್ಯ) ಆನ್ ಮಾಡದಿದ್ದರೆ ಒಳ್ಳೆಯ ಕನ್ವರ್ಟರ್ ಕೂಡ ಸತ್ತಂತೆ ಕೂತಿರುತ್ತದೆ. ಓಮ್ ಲೆಕ್ಕದ (ವಿದ್ಯುತ್ತಿಗೆ ಇಯರ್‌ಫೋನ್ ಒಡ್ಡುವ ತಡೆಯ ಅಳತೆ) ಬಗ್ಗೆ ತಲೆಕೆಡಿಸಿಕೊಳ್ಳುವುದು ಬೇಡ, 16ರಿಂದ 32 ಓಮ್ ಒಳಗಿನದನ್ನು ಯಾವ ಫೋನಾದರೂ ಸಲೀಸಾಗಿ ನುಡಿಸುತ್ತದೆ.

ಜಾಕ್ ಇರುವ ಫೋನನ್ನು ನಾನು ಇನ್ನೂ ಇಟ್ಟುಕೊಂಡಿರುವುದಕ್ಕೆ ಕಾರಣ ರೇಡಿಯೋ. ಮಡಿಕೇರಿ ಆಕಾಶವಾಣಿ ಎಫ್‌ಎಂ 103.1ರಲ್ಲಿ ಬರುತ್ತದೆ, ಕನ್ನಡದ ಜೊತೆ ಕೊಡವ ಭಾಷೆಯ ಕಾರ್ಯಕ್ರಮವೂ ಇರುತ್ತದೆ. ಫೋನಿನ ಎಫ್‌ಎಂಗೆ ಇಯರ್‌ಫೋನಿನ ವೈರೇ ಆಂಟೆನಾ, ವೈರ್ ಚುಚ್ಚದಿದ್ದರೆ ಸ್ಟೇಷನ್ ಸಿಗುವುದಿಲ್ಲ. ಬ್ಲೂಟೂತ್ ಬಡ್ಸ್ ಎಷ್ಟು ದುಬಾರಿಯದಾದರೂ ಈ ಕೆಲಸಕ್ಕೆ ಬಾರದು, ಡ್ಯಾಕ್ ಕನ್ವರ್ಟರಿನಲ್ಲೂ ಸಾಮಾನ್ಯವಾಗಿ ಇದು ನಡೆಯುವುದಿಲ್ಲ. ಎಫ್‌ಎಂ ಸೌಲಭ್ಯ ಇರುವ ಫೋನ್‌ಗಳಲ್ಲಿ ಅದನ್ನು ಮುಚ್ಚಿಡಬಾರದು ಎಂದು 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ತಯಾರಕರಿಗೆ ಸೂಚಿಸಿತು, ವಿಪತ್ತಿನ ಹೊತ್ತಿನಲ್ಲಿ ಜನರಿಗೆ ಸುದ್ದಿ ಮುಟ್ಟಬೇಕೆಂದು. ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ಟವರ್ ಸಿಗ್ನಲ್ಲೂ ಹೋಗುವ ಊರಿನವರಿಗೆ ಆ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ. ಅಂಥ ದಿನ ಪವರ್‌ಬ್ಯಾಂಕಿನಲ್ಲಿ ಉಳಿದ ಚಾರ್ಜ್ ಪೂರ್ತಿ ಫೋನಿಗೇ ಸಿಗುವುದು, ಇಯರ್‌ಫೋನಿಗೆ ಬೇರೆ ಪಾಲು ಕೊಡಬೇಕಿಲ್ಲದಿರುವುದು ಸಣ್ಣ ಅನುಕೂಲವಲ್ಲ.

ಸಿದ್ದಾಪುರದಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಗಾಜಿನ ಗಡಗಡ, ಇಂಜಿನ್ನಿನ ಮೊರೆತ ಎರಡೂ ಇರುತ್ತವೆ. ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನಿನ ನಿಜವಾದ ಲಾಭ ಅಲ್ಲಿ. ಹೊರಗಿನ ಸದ್ದು ತಡೆದಷ್ಟೂ ವಾಲ್ಯೂಮ್ ಏರಿಸುವ ಅಗತ್ಯ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಡೆಸಿಬಲ್ಲಿಗೆ ಹತ್ತು ಪಟ್ಟು ಕಡಿತ. ಕಿವಿಯೊಳಗಿನ ರೋಮಕೋಶಗಳು ಒಮ್ಮೆ ಹಾಳಾದರೆ ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಟಿಪ್ ಸರಿಯಾಗಿ ಕೂತಿದೆಯೇ ಎಂದು ಕೂತು ನೋಡಿ. ಸಂಪಾಜೆ ಘಾಟಿ ಇಳಿಯುವಾಗ ಮಾತ್ರ ಇದನ್ನು ತೆಗೆದಿಡುವುದು ಒಳ್ಳೆಯದು. ಎತ್ತರ ಬದಲಾಗುತ್ತ ಹೋದಂತೆ ಕಿವಿ ಕಟ್ಟುತ್ತದೆ, ಟಿಪ್ ಬಿಗಿಯಾಗಿದ್ದರೆ ಹಿಂಸೆ ಇನ್ನೂ ಹೆಚ್ಚು.

ತೋಟದ ದಾರಿಯಲ್ಲಿ ಹೊರಗಿನ ಸದ್ದು ತಡೆಯುವ ಇದೇ ಗುಣ ಅಪಾಯ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಕಾಡಾನೆ ತೋಟದೊಳಗೇ ಬೀಡುಬಿಟ್ಟಿರುವ ದಿನಗಳಿವೆ. ಬೆಳಗಿನ ಮಂಜಿನಲ್ಲಿ ಆನೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ: ಕೊಂಬೆ ಮುರಿದ ಸದ್ದು, ಗಂಟಲಿನ ಗುಡುಗುಡು, ಯಾರೋ ದೂರದಿಂದ ಕೂಗಿದ್ದು. ಆ ಹೊತ್ತಿನಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಡೆಯುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಒಂದೇ ಕಿವಿಗೆ ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯಲು ಎರಡೂ ಕಿವಿ ಬೇಕು. ದಾರಿ ಮುಗಿದು ಮನೆಯೊಳಗೋ ಆಫೀಸಿನೊಳಗೋ ಕಾಲಿಟ್ಟ ಮೇಲೆ ಹಾಡು ಕೇಳೋಣ. ಹಾಗೆಯೇ ಕಳೆ ಕೊಚ್ಚುವ ಮೆಷಿನ್ ಹಿಡಿಯುವ ಹುಡುಗರು ಅದರ ಸದ್ದು ಮೀರಿಸಲು ಇಯರ್‌ಫೋನಿನಲ್ಲಿ ಹಾಡು ಏರಿಸುವುದನ್ನು ನೋಡಿದ್ದೇನೆ. ಎರಡು ಸದ್ದೂ ಸೇರಿ ಕಿವಿಗೆ ಬೀಳುತ್ತವೆ. ಆ ಕೆಲಸಕ್ಕೆ ಬೇಕಾದದ್ದು ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್, ಅದನ್ನು ತೋಟದವರೇ ಕೊಡಿಸಬೇಕು.

ಬ್ಲೂಟೂತ್ ಬಡ್ಸೂ ಮನೆಯಲ್ಲಿದೆ. ಅಡುಗೆ ಮಾಡುವಾಗ, ಕೈ ಒದ್ದೆಯಿದ್ದಾಗ ಫೋನ್ ಬಂದರೆ ಅದೇ ಸುಖ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರೊಳಗಿನ ಬ್ಯಾಟರಿ ಕಡಲೆಕಾಳಿನಷ್ಟಿರುತ್ತದೆ, ಚಾರ್ಜ್ ಆಗಿ ಇಳಿದು ಕಾಲಕ್ರಮೇಣ ಸೊರಗುತ್ತದೆ, ಬದಲಾಯಿಸಲು ಸುಲಭವಾಗಿ ಆಗುವುದಿಲ್ಲ. ಫೋನ್ ಕರೆಗೆ ಯಾವಾಗಲೂ ಒಂದೇ ಕಡೆಯದನ್ನು ಬಳಸುವವರಿಗೆ ಆ ಕಡೆಯದು ಬೇಗ ಸೋಲುತ್ತದೆ. ಇನ್ನೊಂದು, ಕಣದಂಥ ಬಯಲಿನಲ್ಲಿ ಫೋನ್ ಹಿಂದಿನ ಜೇಬಿನಲ್ಲಿದ್ದರೆ ಹಾಡು ತುಂಡು ತುಂಡಾಗುತ್ತದೆ. ಬ್ಲೂಟೂತಿನ 2.4 ಗಿಗಾಹರ್ಟ್ಸ್ ಅಲೆಯನ್ನು ನಮ್ಮ ಮೈಯೊಳಗಿನ ನೀರು ಹೀರಿಕೊಳ್ಳುತ್ತದೆ. ಕೋಣೆಯಲ್ಲಾದರೆ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ಬಯಲಿನಲ್ಲಿ ಬಡಿಯಲು ಗೋಡೆಯೇ ಇಲ್ಲ. ಫೋನನ್ನು ಅಂಗಿಯ ಜೇಬಿಗೆ ಹಾಕಿದರೆ ಸರಿಹೋಗುತ್ತದೆ.

ನನ್ನ ವೈರ್ ಇಯರ್‌ಫೋನಿನ ಕೊರತೆಗಳನ್ನೂ ಹೇಳಬೇಕು. ಮೇಲಿನ ಸ್ವರ ಸ್ವಲ್ಪ ಚೂಪು. ಕೊಡವರ ಪುಟ್ಟ ಚರ್ಮವಾದ್ಯ ದುಡಿಯ ಹಾಡಿನಲ್ಲಿ ಅದು ಹಿತವೇ, ಕೋಲಿನ ಪೆಟ್ಟು ಒಂದೊಂದೂ ಬಿಡಿಸಿದಂತೆ ಕೇಳುತ್ತದೆ. ಆದರೆ ಯಕ್ಷಗಾನದ ಚೆಂಡೆ ಏರಿದಾಗ ಕಿವಿಗೆ ಚುಚ್ಚುತ್ತದೆ, ಫೋನಿನಲ್ಲಿ ಸ್ವರ ಏರಿಳಿಸುವ ಈಕ್ವಲೈಜರಿನಲ್ಲಿ ಮೇಲಿನ ಎರಡು ಪಟ್ಟಿ ತುಸು ಇಳಿಸಿಕೊಳ್ಳುತ್ತೇನೆ. ವೈರ್ ಜರ್ಕಿನ್ನಿಗೆ ಉಜ್ಜಿದರೆ ಆ ಸದ್ದು ಒಳಗೆ ಕೇಳುತ್ತದೆ. ಕಿವಿಯ ಹಿಂದಿನಿಂದ ಸುತ್ತಿ ಹಾಕಿದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ, ಹೋಗಿಬಿಡುವುದಿಲ್ಲ. ಮೈಕ್ ಸಾಧಾರಣ: ಹಂಚಿನ ಮೇಲೆ ಮಳೆ ಹೊಡೆಯುವಾಗ ನಮ್ಮ ಮಾತು ಆ ಕಡೆಯವರಿಗೆ ಮುಟ್ಟುವುದು ಕಷ್ಟ. ದಿನವಿಡೀ ಫೋನಿನಲ್ಲೇ ವ್ಯವಹಾರ ಮಾಡುವವರು ಇದನ್ನು ಕೊಳ್ಳಬೇಡಿ, ಒಳ್ಳೆಯ ಮೈಕ್ ಇರುವ ಬಡ್ಸ್ ನೋಡಿ. ಹಾಡು, ಪ್ರವಚನ, ರೇಡಿಯೋ, ಪಾಠ ಕೇಳುವವರಿಗೆ ಇದೇ ಸಾಕು. ಆರ್ಡರ್ ಮಾಡುವಾಗಲೇ ಅದೇ ಪಿನ್ನಿನ ಇನ್ನೊಂದು ವೈರ್, ಒಂದು ಪೊಟ್ಟಣ ಟಿಪ್ ಜೊತೆಗೆ ತರಿಸಿಕೊಳ್ಳಿ, ಮೇ ತಿಂಗಳೊಳಗೆ ತರಿಸಿದರೆ ಮಳೆಗಾಲದಲ್ಲಿ ಕೊರಿಯರ್ ಕಾಯುವ ಕೆಲಸ ಇರುವುದಿಲ್ಲ.