ಹುಡುಕಾಟದಲ್ಲಿ ಕೆಟ್ಟ ಹೆಸರು: ಏಜೆನ್ಸಿಗೆ ಹಣ ಕೊಡುವ ಮೊದಲು ಗೂಗಲ್‌ನ ಉಚಿತ ಸಾಧನಗಳನ್ನು ನೋಡಿ

ಗೂಗಲ್ ಹುಡುಕಾಟದ ಮೊದಲ ಪುಟದಿಂದ ಹಳೆಯ ಆರೋಪ, ಕಟುವಾದ ರಿವ್ಯೂ, ಬೇಡದ ಸುದ್ದಿ ಇವೆಲ್ಲವನ್ನೂ ಕೆಳಗಿಳಿಸಿಕೊಡುತ್ತೇವೆ ಎನ್ನುವ ರೆಪ್ಯುಟೇಶನ್ ಮ್ಯಾನೇಜ್‌ಮೆಂಟ್ ಏಜೆನ್ಸಿಗಳು ಈಗ ವೈದ್ಯರು, ಬಿಲ್ಡರ್‌ಗಳು, ಹೋಂಸ್ಟೇ ಮಾಲೀಕರು ಮತ್ತು ಖಾಸಗಿ ಶಾಲೆಗಳ ಬೆನ್ನು ಬಿದ್ದಿವೆ. ಅವು ತಿಂಗಳ ಲೆಕ್ಕದಲ್ಲಿ ಶುಲ್ಕ ಕೇಳುವ ಕೆಲಸಗಳಲ್ಲಿ ಕೆಲವನ್ನು ಗೂಗಲ್ ತಾನೇ ಒದಗಿಸಿರುವ ಅರ್ಜಿ ನಮೂನೆಗಳ ಮೂಲಕ ಯಾರು ಬೇಕಾದರೂ ಒಂದು ಪೈಸೆ ಖರ್ಚಿಲ್ಲದೆ ಮಾಡಿಕೊಳ್ಳಬಹುದು. ಆ ಸಾಧನಗಳನ್ನು ಬಳಸಿ ನೋಡಿದ ಮೇಲೆ ನನಗೆ ಬಂದ ಅಭಿಪ್ರಾಯ ಇಷ್ಟು: ಖಾಸಗಿ ಮಾಹಿತಿಯನ್ನು ಮರೆಮಾಡಲು ಮತ್ತು ಹಳಸಿದ ಫಲಿತಾಂಶವನ್ನು ಸರಿಪಡಿಸಲು ಅವು ಚೆನ್ನಾಗಿವೆ, ಆದರೆ ಕಹಿಯಾದರೂ ನಿಜವಾಗಿರುವ ಮಾತನ್ನು ಅಳಿಸಲು ಅವು ಕೆಲಸಕ್ಕೆ ಬರುವುದಿಲ್ಲ, ಬರಲೂಬಾರದು.

ಮೊದಲನೆಯದು ವೈಯಕ್ತಿಕ ಮಾಹಿತಿಯನ್ನು ತೆಗೆಸುವ ಅರ್ಜಿ. ಬ್ಯಾಂಕ್ ಖಾತೆಯ ಸಂಖ್ಯೆ, ಸಹಿಯ ಚಿತ್ರ, ವೈದ್ಯಕೀಯ ದಾಖಲೆಗಳಂಥವುಗಳಿಗೆ ಮೀಸಲಾಗಿದ್ದ ಈ ಸೌಲಭ್ಯವನ್ನು ಗೂಗಲ್ 2022ರ ಏಪ್ರಿಲ್‌ನಲ್ಲಿ ಮನೆ ವಿಳಾಸ, ಫೋನ್ ಸಂಖ್ಯೆ ಮತ್ತು ಇಮೇಲ್ ವಿಳಾಸಗಳಿಗೂ ವಿಸ್ತರಿಸಿತು. ದೂರು ಪ್ರಕಟಿಸಿ, ಅದನ್ನು ತೆಗೆಯಲು ಹಣ ಕೇಳುವ ಜಾಲತಾಣಗಳ ಪುಟಗಳ ವಿರುದ್ಧವೂ ಪ್ರತ್ಯೇಕ ಅರ್ಜಿಗೆ ಅವಕಾಶವಿದೆ; ಇಂಥ ತಾಣಗಳಿಂದ ನೊಂದ ಸಣ್ಣ ವ್ಯಾಪಾರಿಗಳಲ್ಲಿ ಹೆಚ್ಚಿನವರಿಗೆ ಈ ದಾರಿಯ ಸುಳಿವೇ ಇಲ್ಲ. ನಮೂನೆ ಸರಳವಾಗಿದೆ. ಆದರೆ ಪ್ರತಿ ಪುಟದ ವಿಳಾಸವನ್ನೂ ನಾವೇ ಹುಡುಕಿ ಅಂಟಿಸಬೇಕಾಗುತ್ತದೆ, ಮತ್ತು ಸುದ್ದಿ ಸಂಸ್ಥೆ ಅಥವಾ ಸರ್ಕಾರಿ ತಾಣದ ಪುಟವಾಗಿದ್ದರೆ ಸಾರ್ವಜನಿಕ ಹಿತಾಸಕ್ತಿಯ ಕಾರಣಕ್ಕೆ ಅರ್ಜಿ ತಿರಸ್ಕೃತವಾಗುವ ಸಾಧ್ಯತೆಯೇ ಹೆಚ್ಚು.

ಅರ್ಜಿ ಒಪ್ಪಿಗೆಯಾದಾಗ ಆಗುವುದೇನು ಎಂಬುದನ್ನು ಏಜೆನ್ಸಿಗಳು ಬೇಕೆಂದೇ ಅಸ್ಪಷ್ಟವಾಗಿ ಇಡುತ್ತವೆ. ಮೂಲ ಪುಟ ಇದ್ದಲ್ಲೇ ಇರುತ್ತದೆ. ಗೂಗಲ್ ಅದನ್ನು ತೋರಿಸುವುದನ್ನು ಮಾತ್ರ ನಿಲ್ಲಿಸುತ್ತದೆ, ಮೈಕ್ರೋಸಾಫ್ಟ್‌ನ ಹುಡುಕಾಟ ತಾಣವಾದ ಬಿಂಗ್‌ಗೆ ಬೇರೆಯೇ ಅರ್ಜಿ ಹಾಕಬೇಕು. ಕೆಲವು ಸಲ ಪುಟವನ್ನು ಎಲ್ಲ ಹುಡುಕಾಟಗಳಿಂದಲೂ ತೆಗೆಯದೆ, ಅರ್ಜಿದಾರರ ಹೆಸರನ್ನು ಹಾಕಿ ಹುಡುಕಿದಾಗ ಮಾತ್ರ ಕಾಣಿಸದಂತೆ ಮಾಡಲಾಗುತ್ತದೆ. ನಮ್ಮ ಕಡೆಯವರಿಗೆ ಇದರಿಂದ ಒಂದು ವಿಶೇಷ ತೊಡಕಿದೆ. ಒಬ್ಬರೇ ಮಂಜುನಾಥರು ಒಂದು ಕಡೆ ಮಂಜುನಾಥ್, ಇನ್ನೊಂದು ಕಡೆ ಮಂಜುನಾಥ ಆಗಿರುತ್ತಾರೆ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಊರಿನ ಹೆಸರು ಕೆಲವು ದಾಖಲೆಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಆದ್ದರಿಂದ ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್‌ನ ಎಲ್ಲ ಕಾಗುಣಿತಗಳಲ್ಲಿ ಒಮ್ಮೆ ಹುಡುಕಿ, ಬಂದ ಪುಟಗಳನ್ನೆಲ್ಲ ಪಟ್ಟಿ ಮಾಡಿಕೊಂಡ ಮೇಲೆಯೇ ಅರ್ಜಿ ಹಾಕುವುದು ಒಳ್ಳೆಯದು. ಅದೇ ಹೆಸರಿನ ಬೇರೆ ಯಾರದೋ ಕ್ರಿಮಿನಲ್ ಪ್ರಕರಣದ ಸುದ್ದಿ ನಿಮ್ಮ ಹೆಸರಿನ ಕೆಳಗೆ ಕಾಣಿಸುತ್ತಿದ್ದರೆ ಈ ಯಾವ ನಮೂನೆಯಿಂದಲೂ ಉಪಯೋಗವಿಲ್ಲ; ಫೋಟೊ, ಉದ್ಯೋಗ ಮತ್ತು ಊರು ಸ್ಪಷ್ಟವಾಗಿರುವ ಸ್ವಂತ ಪುಟವೊಂದನ್ನು ಮಾಡಿಕೊಳ್ಳುವುದೇ ಅದಕ್ಕಿರುವ ದಾರಿ.

ನನ್ನ ಲೆಕ್ಕದಲ್ಲಿ ಅತ್ಯುತ್ತಮವಾದದ್ದು, ಬಹುತೇಕರಿಗೆ ಗೊತ್ತೇ ಇಲ್ಲದ, ಹಳತಾದ ವಿಷಯವನ್ನು ನವೀಕರಿಸುವ ಸಾಧನ. ಪತ್ರಿಕೆಯೊಂದು ತಪ್ಪು ಸುದ್ದಿಯನ್ನು ತಿದ್ದಿದ್ದರೂ ಅಥವಾ ಪುಟವನ್ನೇ ಅಳಿಸಿದ್ದರೂ ಹುಡುಕಾಟದಲ್ಲಿ ಹಳೆಯ ಸಾಲುಗಳೇ ಉಳಿದುಬಿಡುವುದುಂಟು. ಆಗ ಪುಟದ ವಿಳಾಸವನ್ನೂ, ಹಳೆಯ ಆವೃತ್ತಿಯಲ್ಲಿದ್ದು ಈಗ ಇಲ್ಲದ ಒಂದು ಪದವನ್ನೂ ಕೊಟ್ಟರೆ ಗೂಗಲ್ ಪರಿಶೀಲಿಸಿ ಹಳೆಯ ಸಾರಾಂಶವನ್ನು ತೆಗೆಯುತ್ತದೆ. ಖುಲಾಸೆಯಾದವರು ತೀರ್ಪಿನ ಪ್ರತಿಯೊಂದಿಗೆ ಸಂಪಾದಕರಿಗೆ ವಿನಯವಾಗಿ ಬರೆದು, ಸುದ್ದಿಗೆ ಆ ಅಂಶವನ್ನು ಸೇರಿಸಿಸಿಕೊಂಡು, ಆಮೇಲೆ ಈ ಸಾಧನವನ್ನು ಬಳಸುವುದು ಲೀಗಲ್ ನೋಟಿಸ್ ಕಳುಹಿಸುವುದಕ್ಕಿಂತ ಎಷ್ಟೋ ಮೇಲು.

ಕಾನೂನಿನ ದಾರಿಯ ಬಗ್ಗೆ ಹೆಚ್ಚಿನ ಭರವಸೆ ಇಟ್ಟುಕೊಳ್ಳಬಾರದು. ಯುರೋಪಿನಲ್ಲಿ, ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ 2014ರ ಮೇ 13ರ ತೀರ್ಪಿನ ನಂತರ, ಅಪ್ರಸ್ತುತವಾದ ಹಳೆಯ ಫಲಿತಾಂಶಗಳನ್ನು ತೆಗೆಯುವಂತೆ ಗೂಗಲ್‌ಗೇ ನೇರವಾಗಿ ಕೇಳುವ ಹಕ್ಕು ಜನರಿಗಿದೆ. ಆ ನಮೂನೆ ಭಾರತದವರಿಗೆ ಅಲ್ಲ. ನಮ್ಮಲ್ಲಿ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್‌ನಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸ್ಥಾಪಿತವಾಯಿತು. ಅದೇ ವರ್ಷದ ಜನವರಿಯಲ್ಲಿ, ಮಗಳ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ಕಾಣಿಸಬಾರದೆಂದು ತಂದೆಯೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು ನಮ್ಮ ಹೈಕೋರ್ಟ್ ಮಾನ್ಯ ಮಾಡಿತಾದರೂ, ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಇರಲಿದೆ ಎಂದೂ ಹೇಳಿತು. ಇನ್ನೊಂದೆಡೆ, ಖುಲಾಸೆಯಾದವರೊಬ್ಬರ ತೀರ್ಪನ್ನು, ಕೋರ್ಟ್ ತೀರ್ಪುಗಳನ್ನು ಪ್ರಕಟಿಸುವ ಇಂಡಿಯನ್ ಕಾನೂನ್ ತಾಣದಿಂದ ತೆಗೆಯುವಂತೆ ಮದ್ರಾಸ್ ಹೈಕೋರ್ಟ್ ನೀಡಿದ್ದ ಆದೇಶಕ್ಕೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತಡೆ ನೀಡಿತು. ನೋಟಿಸ್ ಕಳುಹಿಸಿದ ಮಾತ್ರಕ್ಕೆ ಗೂಗಲ್ ಪುಟವನ್ನು ತೆಗೆಯಲೇಬೇಕಾಗುತ್ತದೆ ಎಂದು ಯಾರಾದರೂ ಹೇಳಿದರೆ, ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬೇಕು ಎಂದ ಸುಪ್ರೀಂ ಕೋರ್ಟ್‌ನ 2015ರ ಶ್ರೇಯಾ ಸಿಂಘಾಲ್ ತೀರ್ಪನ್ನು ಅವರು ಓದಿಲ್ಲ ಎಂದೇ ಅರ್ಥ.

ವ್ಯಾಪಾರಿಗಳ ವಿಷಯ ಬೇರೆ. ಅವರ ಮಾನ ಉಳಿಯುವುದೂ ಹೋಗುವುದೂ ಗೂಗಲ್ ಬಿಸಿನೆಸ್ ಪ್ರೊಫೈಲ್‌ನ, ಅಂದರೆ ಹುಡುಕಾಟ ಮತ್ತು ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ಪುಟದ, ನಕ್ಷತ್ರಗಳಲ್ಲಿ. ಇಲ್ಲಿ ಯಾವುದೇ ರಿವ್ಯೂ ವಿರುದ್ಧ ವರದಿ ಮಾಡಬಹುದು, ತಿರಸ್ಕೃತವಾದರೆ ಒಮ್ಮೆ ಮೇಲ್ಮನವಿಯನ್ನೂ ಸಲ್ಲಿಸಬಹುದು. ಆದರೆ ವರದಿ ಮಾಡುವಾಗ ಬಹುತೇಕ ಮಾಲೀಕರು ಬರೆಯುವುದು ‘ಇದು ಸುಳ್ಳು’ ಎಂದು. ಗ್ರಾಹಕ ಮತ್ತು ವ್ಯಾಪಾರಿಯ ನಡುವಿನ ಸತ್ಯಾಸತ್ಯದ ಜಗಳದಲ್ಲಿ ತಾನು ತೀರ್ಪು ಕೊಡುವುದಿಲ್ಲ ಎಂಬುದು ಗೂಗಲ್‌ನ ಘೋಷಿತ ನೀತಿ. ಬೈಗುಳ, ಪ್ರತಿಸ್ಪರ್ಧಿಯ ಕೈವಾಡ, ವಿಷಯಕ್ಕೆ ಸಂಬಂಧವಿಲ್ಲದ ಮಾತು, ಖಾಸಗಿ ಮಾಹಿತಿ ಇವುಗಳಲ್ಲಿ ಯಾವ ನಿಯಮ ಮುರಿದಿದೆ ಎಂದು ಗುರುತಿಸಿ ತೋರಿಸಿದರಷ್ಟೇ ವರದಿಗೆ ತೂಕ. ‘ಸಾಂಬಾರ್ ಆರಿತ್ತು, ಮಾಣಿ ಒರಟ’ ಎಂಬ ಒಂದು ನಕ್ಷತ್ರದ ರಿವ್ಯೂ ಯಾವ ನಿಯಮವನ್ನೂ ಮುರಿಯುವುದಿಲ್ಲ. ಅದಕ್ಕಿರುವುದು ಉತ್ತರ ಬರೆಯುವ ಸೌಲಭ್ಯವೊಂದೇ, ಮತ್ತು ಆ ಸೌಲಭ್ಯವೇ ಈ ಇಡೀ ಸಾಧನದ ನಿಜವಾದ ಬಲ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಉತ್ತರವನ್ನು ಓದುವವರು ಸಿಟ್ಟಾದ ಆ ಗ್ರಾಹಕರಿಗಿಂತ ಹೆಚ್ಚಾಗಿ, ಮುಂದೆ ಬರಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಬೇರೆ ಜನ. ವೈದ್ಯರು ಮಾತ್ರ ಉತ್ತರದಲ್ಲಿ ರೋಗಿಯ ಕಾಯಿಲೆಯ ವಿವರವನ್ನು ಎತ್ತಲೇಬಾರದು. ಎಂಥ ಸುಳ್ಳು ಆರೋಪವಿದ್ದರೂ ಸರಿ.

ರಿವ್ಯೂ ಬರೆದವರಿಗೆ ರಿಯಾಯಿತಿ ಕೊಡುವುದು, ಖುಷಿಯಾದವರಿಂದ ಮಾತ್ರ ಆರಿಸಿ ಬರೆಸುವುದು ಎರಡೂ ಗೂಗಲ್ ನೀತಿಗೆ ವಿರುದ್ಧ. ಭಾರತೀಯ ಮಾನಕ ಬ್ಯೂರೊ ಕೂಡ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡವನ್ನು ತಂದಿದೆ, ಆದರೆ ಅದರ ಪಾಲನೆ ಸ್ವಯಂಪ್ರೇರಿತ.

ಇನ್ನು ಏಜೆನ್ಸಿಗಳು. ಸ್ವಂತ ಜಾಲತಾಣವನ್ನು ಸರಿಪಡಿಸುವುದು, ನಿಜವಾದ ಲೇಖನ ಮತ್ತು ಪ್ರೊಫೈಲ್‌ಗಳನ್ನು ಮೇಲೆ ತರುವುದು ಇವು ನ್ಯಾಯವಾದ ಕೆಲಸ, ಸಮಯವೂ ಹಿಡಿಯುತ್ತದೆ. ಅದಕ್ಕೆ ಶುಲ್ಕ ಕೊಡುವುದರಲ್ಲಿ ತಪ್ಪಿಲ್ಲ. ಪರಿಚಯದ ಕ್ಲಿನಿಕ್ ಒಂದಕ್ಕೆ ಬಂದಿದ್ದ ಕೊಟೇಶನ್‌ನಲ್ಲಿ ಮಾತ್ರ ‘ಶಾಶ್ವತ ನಿರ್ಮೂಲನೆ’ ಎಂಬ ಭರವಸೆ ಇತ್ತು, ಯಾವ ವಿಧಾನದಿಂದ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಂಥಲ್ಲಿ ಎಚ್ಚರ ಬೇಕು. ಸ್ಪೇನಿನ ಎಲಿಮಿನಾಲಿಯಾ ಎಂಬ ಕಂಪನಿಯು ಸುಳ್ಳು ಹಕ್ಕುಸ್ವಾಮ್ಯ ದೂರುಗಳ ಮೂಲಕ ಪತ್ರಕರ್ತರ ವರದಿಗಳನ್ನು ಹುಡುಕಾಟದಿಂದ ಕಣ್ಮರೆ ಮಾಡಿಸುತ್ತಿತ್ತು ಎಂಬುದನ್ನು ಫರ್ಬಿಡನ್ ಸ್ಟೋರೀಸ್ ಸಂಸ್ಥೆಯ ಪತ್ರಕರ್ತರು 2023ರ ಫೆಬ್ರವರಿಯಲ್ಲಿ ಬಯಲಿಗೆಳೆದರು. ಗೂಗಲ್‌ಗೆ ಬರುವ ಇಂಥ ಅನೇಕ ದೂರುಗಳ ಪ್ರತಿಗಳು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆಯುವ ಲ್ಯುಮೆನ್ ಎಂಬ ಸಾರ್ವಜನಿಕ ಸಂಗ್ರಹವನ್ನು ಸೇರುತ್ತವೆ. ಅಂದರೆ ಮುಚ್ಚಿಡಲು ಹೊರಟ ಸುದ್ದಿಯ ಜೊತೆಗೆ, ಮುಚ್ಚಿಡಲು ಯತ್ನಿಸಿದ್ದಕ್ಕೂ ದಾಖಲೆ ಉಳಿಯುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ನಿಮ್ಮ ಹೆಸರಿನಲ್ಲಿ ಯಾರಿಗೆ ಯಾವ ದೂರು ಸಲ್ಲಿಸಲಾಗುತ್ತದೆ, ಮತ್ತು ಒಪ್ಪಂದ ಮುಗಿದ ಮೇಲೆ ಬಿಸಿನೆಸ್ ಪ್ರೊಫೈಲ್‌ನ ಒಡೆತನ ಯಾರ ಇಮೇಲ್ ಖಾತೆಯಲ್ಲಿ ಇರುತ್ತದೆ.