ಸಂಜೀವಿನಿ ಸ್ವಸಹಾಯ ಸಂಘ: ಸೇರುವವರೂ ಕಟ್ಟುವವರೂ ಮೊದಲೇ ತಿಳಿದಿರಬೇಕಾದದ್ದು

ಮಂಡ್ಯ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಸಾಲ ಕೊಡುವವರಿಗೆ ಈಗ ಬರವಿಲ್ಲ. ಮನೆ ಬಾಗಿಲಿಗೇ ಬಂದು, ಆಧಾರ್ ಕಾರ್ಡಿನ ಫೋಟೊ ಹೊಡೆದುಕೊಂಡು ಹೋಗಿ ಕೆಲವೇ ದಿನದಲ್ಲಿ ದುಡ್ಡು ಹಾಕುವವರಿದ್ದಾರೆ. ಹೀಗಿರುವಾಗ ಆರು ತಿಂಗಳು ವಾರವಾರವೂ ಕೂತು, ಐವತ್ತೈವತ್ತು ರೂಪಾಯಿ ಕಟ್ಟಿ, ಪುಸ್ತಕ ಬರೆದು, ಆಮೇಲಷ್ಟೇ ಬ್ಯಾಂಕಿನ ಮೆಟ್ಟಿಲು ಹತ್ತುವ ಸಂಜೀವಿನಿ ಸಂಘ ಯಾಕೆ ಬೇಕು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬೇಕು ಎಂದೇ ನಮ್ಮ ಉತ್ತರ. ಆದರೆ ಸಾಲಕ್ಕಾಗಿಯೇ ಕಟ್ಟಿದ ಸಂಘ ಸಾಲ ಬಂದ ದಿನದಿಂದಲೇ ಒಡೆಯತೊಡಗುತ್ತದೆ. ಈ ಸೇವೆಯ ಬೆಲೆ ಇರುವುದು ಸಾಲಕ್ಕೆ ಮುಂಚಿನ ಆರು ತಿಂಗಳಲ್ಲಿ.

ಸಂಜೀವಿನಿ ಎಂಬುದು ಕೇಂದ್ರದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನಕ್ಕೆ ಕರ್ನಾಟಕದಲ್ಲಿರುವ ಹೆಸರು. ಅಭಿಯಾನ ಶುರುವಾದದ್ದು 2011ರಲ್ಲಿ. ಇದರ ಬೇರು ಮಾತ್ರ ನಮ್ಮ ಭಾಗಕ್ಕೆ ಹತ್ತಿರದ್ದು. 1968ರಲ್ಲಿ ಕರ್ನಾಟಕದಲ್ಲೇ ಹುಟ್ಟಿದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 80ರ ದಶಕದಲ್ಲಿ ಗಮನಿಸಿದ್ದೇನೆಂದರೆ, ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದ ಕಡೆ ಜನ ತಮ್ಮತಮ್ಮಲ್ಲಿ ನಂಬಿಕೆಯಿದ್ದವರನ್ನು ಆರಿಸಿಕೊಂಡು ಸಣ್ಣ ಗುಂಪುಗಳಾಗಿ ಉಳಿದಿದ್ದರು. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಗುಂಪುಗಳ ಗುರಿಯೊಂದಿಗೆ, ಇಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಶುರುಮಾಡಿದಾಗ ಅದರ ಹಿಂದಿದ್ದದ್ದು ಇಂಥ ಅನುಭವ. ಜನ ಒಬ್ಬರನ್ನೊಬ್ಬರು ಆರಿಸಿಕೊಳ್ಳಬೇಕು ಎಂಬುದೇ ಆ ಅನುಭವದ ತಿರುಳು. ಇವತ್ತು ಎಷ್ಟೋ ಕಡೆ ಮೊದಲು ಕೈಬಿಡುವುದೂ ಅದನ್ನೇ. ಗುರಿ ಮುಟ್ಟಿಸುವ ಅವಸರದಲ್ಲಿ ಒಂದು ಮಧ್ಯಾಹ್ನ ಪಟ್ಟಿ ಹಿಡಿದು ಹನ್ನೆರಡು ಹೆಸರು ಬರೆದುಕೊಂಡರೆ ಅದು ಸಂಘವಾಗುವುದಿಲ್ಲ.

ಯಾರನ್ನು ಸೇರಿಸಬೇಕು? ಈ ಭಾಗದಲ್ಲಿ ಉತ್ತರ ಗದ್ದೆಯಲ್ಲೇ ಇದೆ. ಎಕರೆಗಿಷ್ಟು ಎಂದು ಗುತ್ತಿಗೆ ಹಿಡಿದು ಒಟ್ಟಿಗೆ ನಾಟಿಗೆ ಹೋಗುವ ಹೆಂಗಸರು, ಮುಯ್ಯಾಳಿಗೆ ಒಬ್ಬರ ಹೊಲಕ್ಕೊಬ್ಬರು ಹೋಗುವವರು ಕೂಲಿ ಹಂಚಿಕೊಂಡು ಅಭ್ಯಾಸವಿದ್ದವರು. ಯಾರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಯಾರು ಮಾತು ತಪ್ಪುತ್ತಾರೆ ಎಂಬುದು ಅವರಿಗೆ ಆಗಲೇ ಗೊತ್ತು. ಅಂಥ ಗುಂಪನ್ನು ಇಡಿಯಾಗಿ ಸಂಘ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಒಂದೇ ಮನೆಯ ಅತ್ತೆ ಸೊಸೆ ಇಬ್ಬರನ್ನೂ ಒಂದೇ ಸಂಘಕ್ಕೆ ಹಾಕಬೇಡಿ, ಮನೆಯ ಜಗಳ ಸಭೆಗೆ ಬರುತ್ತದೆ. ಹತ್ತು ಎಕರೆ ನೀರಾವರಿ ಇರುವ ಮನೆಯವರನ್ನೂ ಅವರ ಹೊಲಕ್ಕೆ ಕೂಲಿಗೆ ಹೋಗುವವರನ್ನೂ ಒಟ್ಟಿಗೆ ಕೂರಿಸಿದರೆ ಸಾಲ ಯಾರಿಗೆ ಎಂದು ತೀರ್ಮಾನಿಸುವಾಗ ಕೂಲಿಯವರು ಬಾಯಿ ಬಿಡುವುದಿಲ್ಲ.

ಸದಸ್ಯರ ಸಂಖ್ಯೆ 10ರಿಂದ 20 ಎಂದು ನಿಯಮವಿದೆ. 20ರ ಮಿತಿ ಹಳೆಯ 1956ರ ಕಂಪನಿ ಕಾಯ್ದೆಯಿಂದ ಬಂದದ್ದು: ಲಾಭದ ವ್ಯವಹಾರಕ್ಕೆ 20ಕ್ಕಿಂತ ಹೆಚ್ಚು ಜನ ಸೇರಿದರೆ ನೋಂದಣಿ ಮಾಡಿಸಲೇಬೇಕಿತ್ತು. ನಮ್ಮನ್ನು ಕೇಳಿದರೆ ಹನ್ನೆರಡರ ಆಸುಪಾಸು ಸರಿ. ಒಂದು ಗಂಟೆಯ ಸಭೆಯಲ್ಲಿ ಎಲ್ಲರ ಲೆಕ್ಕವೂ ಆಗುತ್ತದೆ, ಎಲ್ಲರ ಮಾತೂ ಆಗುತ್ತದೆ. ಹದಿನೆಂಟು ಇಪ್ಪತ್ತಾದರೆ ಹಿಂದೆ ಕೂತವರು ಸಹಿ ಹಾಕಿ ಎದ್ದು ಹೋಗುವುದೇ ರೂಢಿಯಾಗುತ್ತದೆ.

ಇನ್ನು ಸಂಘ ಬೆಳೆಯುವ ಬಗೆ. ಬ್ರೂಸ್ ಟಕ್‌ಮನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1965ರಲ್ಲಿ ಸಣ್ಣ ಗುಂಪುಗಳ ಬೆಳವಣಿಗೆಯನ್ನು ನಾಲ್ಕು ಹಂತವಾಗಿ ವಿವರಿಸಿದರು: ಸೇರುವುದು, ಕಿತ್ತಾಡುವುದು, ಕಟ್ಟುಪಾಡು ಮಾಡಿಕೊಳ್ಳುವುದು, ಕೆಲಸಕ್ಕೆ ಇಳಿಯುವುದು. ಸಂಘಗಳಲ್ಲಿ ಈ ಎರಡನೇ ಹಂತ ಬರುವ ಹೊತ್ತನ್ನು ಹೆಚ್ಚುಕಡಿಮೆ ಮೊದಲೇ ಹೇಳಬಹುದು. ಹನ್ನೆರಡು ಜನ ವಾರಕ್ಕೆ 50 ರೂಪಾಯಿಯಂತೆ ಕಟ್ಟಿದರೆ ಹನ್ನೆರಡು ವಾರಕ್ಕೆ 7,200 ರೂಪಾಯಿ. ಆಗ ಮೂವರು ಒಟ್ಟಿಗೆ ಕೈ ಒಡ್ಡುತ್ತಾರೆ: ಒಬ್ಬರಿಗೆ ಮಗಳ ಫೀಸು, ಒಬ್ಬರಿಗೆ ನಾಟಿಯ ಖರ್ಚು, ಒಬ್ಬರಿಗೆ ಆಸ್ಪತ್ರೆ. ಮೂವರಿಗೂ ಆಗುವಷ್ಟು ಇರುವುದಿಲ್ಲ. ಮೊದಲ ಜಗಳ ಅಲ್ಲೇ. ಸಂಘ ನೋಡಿಕೊಳ್ಳುವ ಎಷ್ಟೋ ಕಾರ್ಯಕರ್ತರು ಈ ಜಗಳಕ್ಕೆ ಹೆದರಿ, ಇದ್ದದ್ದನ್ನು ಸಮವಾಗಿ ಹಂಚಿಬಿಡಿ ಎನ್ನುತ್ತಾರೆ. ಅದು ಬೇಡ. ಜಗಳವನ್ನು ಪೂರ್ತಿ ಆಡಲು ಬಿಟ್ಟು, ಅದು ಮುಗಿಯುವ ಮೊದಲು ನಿಯಮ ಬರೆಸಿಕೊಳ್ಳಬೇಕು. ಮೊದಲು ಆಸ್ಪತ್ರೆ, ಆಮೇಲೆ ಬೇಸಾಯ ಮತ್ತು ಓದು, ಕೊನೆಗೆ ಉಳಿದದ್ದು. ಮೊದಲ ವರ್ಷ ಯಾರಿಗೂ ತಮ್ಮ ಉಳಿತಾಯದ ಮೂರು ಪಟ್ಟಿಗಿಂತ ಹೆಚ್ಚಿಲ್ಲ. ಹಳೆಯದು ತೀರುವವರೆಗೆ ಹೊಸದಿಲ್ಲ. ಜಗಳದ ಬಿಸಿಯಲ್ಲಿ ತಾವೇ ಬರೆದ ನಿಯಮವನ್ನು ಜನ ಮರೆಯುವುದಿಲ್ಲ. ಅಚ್ಚು ಹಾಕಿಸಿ ಕೊಟ್ಟ ನಿಯಮಾವಳಿ ಪೆಟ್ಟಿಗೆಯ ತಳ ಸೇರುತ್ತದೆ.

ಸಭೆಯ ದಿನ ಗೊತ್ತುಮಾಡುವುದು ಸಣ್ಣ ವಿಷಯ ಎನ್ನಿಸಬಹುದು, ಆದರೆ ಸಂಘ ಉಳಿಯುವುದು ಅದರ ಮೇಲೆ. ಕಬ್ಬಿನ ದುಡ್ಡು ಒಟ್ಟಿಗೆ ಬರುತ್ತದೆ, ಅದೂ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಹೆಂಗಸರ ಕೈಗೆ ತಪ್ಪದೆ ದುಡ್ಡು ಬರುವುದು ಡೇರಿ ಬಟವಾಡೆಯಲ್ಲಿ. ಹಾಗಾಗಿ ಬಟವಾಡೆಯ ಮಾರನೇ ದಿನ ಸಭೆ, ಕಂತು ಕಟ್ಟುವುದೂ ಆ ವಾರದ ಸಭೆಯಲ್ಲೇ ಎಂದು ಇಟ್ಟುಕೊಂಡರೆ ಬಾಕಿ ಕಡಿಮೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಸಂಜೆ ಆರಕ್ಕೆ ಯಾರೂ ಮನೆಯಲ್ಲಿರುವುದಿಲ್ಲ. ಆ ದಿನಗಳಲ್ಲಿ ಸಭೆಯನ್ನು ರಾತ್ರಿ ಎಂಟಕ್ಕೆ ಹಾಕಿ, ಅರ್ಧ ಗಂಟೆಯಲ್ಲಿ ಮುಗಿಸಿ. ರದ್ದು ಮಾತ್ರ ಮಾಡಬೇಡಿ. ಒಂದು ಸಲ ಬಿಟ್ಟ ಸಭೆ ಮೂರಾಗುತ್ತದೆ, ಆಮೇಲೆ ಯಾರ ಲೆಕ್ಕ ಎಲ್ಲಿಗೆ ನಿಂತಿತು ಎಂದು ಯಾರಿಗೂ ನೆನಪಿರುವುದಿಲ್ಲ.

ಪಂಚಸೂತ್ರ ಎಂದು ಸಂಜೀವಿನಿಯವರು ಹೇಳಿಕೊಡುವುದು ಐದು ವಿಷಯ: ತಪ್ಪದ ಸಭೆ, ತಪ್ಪದ ಉಳಿತಾಯ, ತಪ್ಪದ ಆಂತರಿಕ ಸಾಲ, ಹೊತ್ತಿಗೆ ಸರಿಯಾದ ಮರುಪಾವತಿ, ಅಂದಂದೇ ಬರೆದ ಪುಸ್ತಕ. ಇವುಗಳಲ್ಲಿ ಐದನೆಯದನ್ನು ಮೇಲಿಟ್ಟು ನೋಡಿ. ಯಾಕೆಂದರೆ ಬ್ಯಾಂಕ್ ಸಾಲಕ್ಕೆ ಸಂಘ ಆರು ತಿಂಗಳು ನಡೆದಿರಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಆ ಆರು ತಿಂಗಳನ್ನು ಎಣಿಸುವುದು ಸಂಘದ ಲೆಕ್ಕದ ಪುಸ್ತಕದಿಂದ, ಖಾತೆ ತೆರೆದ ದಿನದಿಂದ ಅಲ್ಲ. ಖಾತೆ ತೆರೆಯುವುದು ತಡವಾಯಿತೆಂದು ಸಂಘ ಕಾಯಬೇಕಿಲ್ಲ, ಪುಸ್ತಕ ಸರಿಯಿದ್ದರೆ ಸಾಕು.

ಪುಸ್ತಕ ಬರೆಯುವ ಕ್ರಮ ನೋಡಿ. ಚಾಪೆಯ ಮಧ್ಯೆ ಪೆಟ್ಟಿಗೆ ಇಟ್ಟು, ಕಳೆದ ವಾರದ ಉಳಿಕೆಯನ್ನು ಎಲ್ಲರ ಎದುರು ಎಣಿಸಬೇಕು. ಅದು 140 ರೂಪಾಯಿ ಎಂದುಕೊಳ್ಳಿ. ಹಾಜರಾದ ಹನ್ನೊಂದು ಜನರ ಉಳಿತಾಯ 550, ಸಾಲದ ಅಸಲು ವಾಪಸು ಬಂದದ್ದು 1,200, ಬಡ್ಡಿ 160, ಕಳೆದ ವಾರ ಹೇಳದೆ ತಪ್ಪಿಸಿಕೊಂಡವರ ದಂಡ 10. ಒಟ್ಟು 2,060. ಅದರಲ್ಲಿ ಒಬ್ಬರಿಗೆ 2,000 ಸಾಲ ಕೊಟ್ಟರೆ ಉಳಿಯುವುದು 60. ಈ 60 ರೂಪಾಯಿಯನ್ನು ಗಟ್ಟಿಯಾಗಿ ಹೇಳಿ, ನಡಾವಳಿಯ ಕೊನೆಯ ಸಾಲಿನಲ್ಲಿ ಬರೆದು, ಆಮೇಲೆ ಸಹಿ ಹಾಕಿಸಬೇಕು. ಓದು ಬಾರದವರೂ 60 ಎಂಬ ಒಂದು ಅಂಕಿಯನ್ನು ಮುಂದಿನ ವಾರದವರೆಗೆ ನೆನಪಿಟ್ಟುಕೊಳ್ಳುತ್ತಾರೆ. ಪೆಟ್ಟಿಗೆ ತೆರೆದಾಗ 60 ಇಲ್ಲದಿದ್ದರೆ ಅಲ್ಲೇ ಕೇಳುತ್ತಾರೆ. ಲೆಕ್ಕ ತಪ್ಪುವುದು ಬಹುಪಾಲು ಮೂರು ಕಡೆ: ಅಸಲು ಬಡ್ಡಿ ಎರಡನ್ನೂ ಒಂದೇ ಕಾಲಂನಲ್ಲಿ ಬರೆಯುವುದು, ಸಭೆಯ ಹೊರಗೆ ದಾರಿಯಲ್ಲಿ ದುಡ್ಡು ತೆಗೆದುಕೊಳ್ಳುವುದು, ಸದಸ್ಯರ ಪಾಸ್ ಪುಸ್ತಕವನ್ನು ಆಮೇಲೆ ಬರೆದರಾಯಿತು ಎಂದು ಬಿಡುವುದು. ಪುಸ್ತಕ ಬರೆಯಲು ಸಂಘಗಳ ಪಂಚಾಯಿತಿ ಮಟ್ಟದ ಒಕ್ಕೂಟದ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರ್ತಿ), ಎಲ್‌ಸಿಆರ್‌ಪಿಗಳ (ಸ್ಥಳೀಯ ಸಮುದಾಯ ಸಂಪನ್ಮೂಲ ವ್ಯಕ್ತಿಗಳ) ನೆರವಿದೆ. ಅವರ ಕೈಲಿ ಕಲಿಯಿರಿ, ಅವರ ಮನೆಗೆ ಪುಸ್ತಕ ಕಳಿಸಬೇಡಿ. ಈಗ ಲೋಕೋಸ್ ಆ್ಯಪ್‌ಗೂ ಲೆಕ್ಕ ಏರಿಸುತ್ತಾರೆ, ಒಳ್ಳೆಯದೇ. ಆದರೆ ಚಾಪೆಯ ಮೇಲೆ ಎಲ್ಲರಿಗೂ ಕಾಣುವುದು ಪುಸ್ತಕವೇ.

ಆಂತರಿಕ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಇಡುವುದು ರೂಢಿ. ವರ್ಷಕ್ಕೆ 24 ರೂಪಾಯಿ ಆಯಿತಲ್ಲ, ಮೈಕ್ರೋಫೈನಾನ್ಸಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುತ್ತಾರೆ. ಈ ಬಡ್ಡಿ ಊರಿನಾಚೆ ಹೋಗುವುದಿಲ್ಲ, ಸಂಘದ ನಿಧಿಗೇ ಸೇರಿ ನಿಮ್ಮ ಬ್ಯಾಂಕ್ ಸಾಲದ ಮಿತಿಯನ್ನು ಹೆಚ್ಚಿಸುತ್ತದೆ. ಮಿತಿ ಲೆಕ್ಕ ಹಾಕುವಾಗ ಉಳಿತಾಯ, ಬಡ್ಡಿಯ ಆದಾಯ, ಅಭಿಯಾನದಿಂದ ಸಿಗುವ ಸುತ್ತುನಿಧಿ ಎಲ್ಲವನ್ನೂ ಸಂಘದ ನಿಧಿ ಎಂದೇ ಪರಿಗಣಿಸಬೇಕು. ಮೊದಲ ಸಾಲ ಈ ನಿಧಿಯ ಆರು ಪಟ್ಟು ಅಥವಾ 1.5 ಲಕ್ಷ, ಯಾವುದು ಹೆಚ್ಚೋ ಅದು. ಹನ್ನೆರಡು ಜನ, 26 ವಾರ, 50 ರೂಪಾಯಿ ಎಂದರೆ 15,600. ಅದರ ಆರು ಪಟ್ಟು 93,600 ಮಾತ್ರ, ಆದ್ದರಿಂದ 1.5 ಲಕ್ಷ ಕೇಳುವ ಹಕ್ಕು ನಿಮಗಿದೆ. 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ. 7.

ಬ್ಯಾಂಕಿನಲ್ಲಿ ಹೇಳಲು ಇನ್ನೆರಡು ಮಾತು ಗೊತ್ತಿರಲಿ. 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಠೇವಣಿ ಇಡಿ ಎನ್ನುವಂತಿಲ್ಲ, ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ. ಒಬ್ಬಿಬ್ಬರು ಸದಸ್ಯರ ಅಥವಾ ಅವರ ಮನೆಯವರ ಹಳೇ ಬಾಕಿಯನ್ನೇ ಮುಂದೆಮಾಡಿ ಇಡೀ ಸಂಘಕ್ಕೆ ಇಲ್ಲ ಎನ್ನುವುದೂ ಸಾಮಾನ್ಯವಾಗಿ ಸಲ್ಲದು. ಉಳಿತಾಯ ಖಾತೆ ತೆರೆಯಲು ಪದಾಧಿಕಾರಿಗಳ ಕೆವೈಸಿ ಸಾಕು, ಎಲ್ಲ ಸದಸ್ಯರದ್ದು ಸಾಲದ ಹೊತ್ತಿಗೆ. ಇಷ್ಟಾದರೂ ಕೆಲವು ಶಾಖೆಗಳಲ್ಲಿ ನಾಳೆ ಬನ್ನಿ ಎಂಬ ಮಾತು ತಪ್ಪುವುದಿಲ್ಲ, ಈ ಸೇವೆಯ ದುರ್ಬಲ ಕೊಂಡಿ ಇದೇ. ಒಬ್ಬರೇ ಹೋಗಬೇಡಿ. ಠರಾವಿನ ಪ್ರತಿ ಹಿಡಿದು ಒಕ್ಕೂಟದವರ ಜೊತೆ ನಾಲ್ಕು ಜನ ಹೋಗಿ.

ಸಾಲ ಬಂದ ಮೇಲೆ ಆಗುವ ದೊಡ್ಡ ತಪ್ಪು ಸಮಪಾಲು. 1.5 ಲಕ್ಷವನ್ನು ಹನ್ನೆರಡಕ್ಕೆ ಭಾಗಿಸಿದರೆ ತಲೆಗೆ 12,500. ಹಸು ತರಬೇಕೆಂದಿದ್ದವರಿಗೆ ಇದು ಸಾಲದು, ಬೇಡದವರಿಗೆ ಹೊರೆ. ಬೇಡದವರು ಅದನ್ನು ಗಂಡನ ಕೈಗೋ ಬೇರೆಯವರಿಗೆ ಬಡ್ಡಿಗೋ ಕೊಟ್ಟು ಸಿಕ್ಕಿಹಾಕಿಕೊಳ್ಳುತ್ತಾರೆ. ಸಾಲ ಕೇಳುವ ಮೊದಲು ಮನೆಮನೆಯ ಆದಾಯ ಖರ್ಚು ಬರೆದು ಎಂಸಿಪಿ, ಅಂದರೆ ಕಿರುಸಾಲ ಯೋಜನೆ, ಮಾಡಿಸುವುದು ಇದಕ್ಕಾಗಿಯೇ. ಅದನ್ನು ಕಾಗದ ತುಂಬುವ ಕೆಲಸ ಎಂದುಕೊಂಡ ಸಂಘ ಕಂತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ನಾಯಕತ್ವದ ವಿಷಯದಲ್ಲಿ ನಾವು ಗಟ್ಟಿಯಾಗಿಯೇ ಹೇಳುತ್ತೇವೆ: ಅಧ್ಯಕ್ಷೆ ಎರಡು ವರ್ಷಕ್ಕೊಮ್ಮೆಯಾದರೂ ಬದಲಾಗಲೇಬೇಕು. ಓದಿದವರು, ಮಾತು ಬಲ್ಲವರು, ಬ್ಯಾಂಕಿಗೆ ಓಡಾಡಬಲ್ಲವರು ಎಂದು ಒಬ್ಬರ ಮೇಲೇ ಎಲ್ಲವನ್ನೂ ಹಾಕಿದರೆ ಮೂರನೇ ವರ್ಷ ಅವರು ತವರಿಗೋ ಬೆಂಗಳೂರಿಗೋ ಹೋದ ದಿನ ಸಂಘವೂ ಎದ್ದು ಹೋಗುತ್ತದೆ. ಸಹಿದಾರರನ್ನು ಬದಲಿಸಲು ಠರಾವು, ಹೊಸಬರ ಫೋಟೊ, ಕೆವೈಸಿ ಸಾಕು. ಆ ಅರ್ಧ ದಿನದ ಓಡಾಟಕ್ಕೆ ಬೇಸತ್ತು ಹಳಬರನ್ನೇ ಉಳಿಸಿಕೊಳ್ಳುವುದು ದುಬಾರಿ.

ಮನೆ ಬಾಗಿಲ ಮೈಕ್ರೋಫೈನಾನ್ಸ್ ಗುಂಪುಗಳೂ ಗುಂಪುಗಳೇ, ಆದರೆ ಅಲ್ಲಿ ಜನ ಕೂಡುವುದು ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನಾಗಲು. ಸ್ವಂತ ನಿಧಿಯಿಲ್ಲ, ತೀರ್ಮಾನವೂ ಅವರದಲ್ಲ. ಒಬ್ಬರು ತಪ್ಪಿದರೆ ಅಕ್ಕಪಕ್ಕದವರೇ ಬಂದು ಬಾಗಿಲು ಬಡಿಯಬೇಕು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ತುರ್ತಿಗೆ ಅದೇ ಬೇಗ ಸಿಗುತ್ತದೆ ಎಂಬುದು ನಿಜ. ಹಾಗಾಗಿಯೇ ಸಂಘದ ಪೆಟ್ಟಿಗೆಯಲ್ಲಿ ಆಸ್ಪತ್ರೆಗೆಂದು ಒಂದಿಷ್ಟು ದುಡ್ಡನ್ನು ಸಾಲ ಕೊಡದೆ ಉಳಿಸಿಕೊಳ್ಳುವುದು ಒಳ್ಳೆಯದು.

ಆಮೇಲೆ ಗೌರಿ ಹಬ್ಬಕ್ಕೆ ಉಳಿತಾಯವನ್ನೆಲ್ಲ ಹಂಚಿಕೊಂಡು ಮತ್ತೆ ಸೊನ್ನೆಯಿಂದ ಶುರುಮಾಡುವ ಚಾಳಿ. ಹಬ್ಬದ ಚೀಟಿ ಬೇಕಿದ್ದರೆ ಬೇರೆ ಕಟ್ಟಿ. ಸಂಘದ ನಿಧಿಯನ್ನು ಮುಟ್ಟಿದರೆ ಸಾಲದ ಮಿತಿಯೂ ಅಷ್ಟೇ ಇಳಿಯುತ್ತದೆ.

ಊರಲ್ಲಿ ಈಗಾಗಲೇ ಇರುವ ಸಂಘಕ್ಕೆ ಸೇರುವವರು ಒಂದು ಸಭೆಗೆ ಸುಮ್ಮನೆ ಹೋಗಿ ಕೂತು ನೋಡಿ. ಎಲ್ಲರಿಗಿಂತ ಹಿಂದೆ ಕೂತ ಸದಸ್ಯೆಯ ಪಕ್ಕ ಜಾಗ ಮಾಡಿಕೊಂಡು, "ಅಕ್ಕಾ, ನಿಮ್ಮ ಉಳಿತಾಯ ಎಷ್ಟಾಗಿದೆ, ಸಂಘದಲ್ಲಿ ಈಗ ಯಾರ್‍ಯಾರ ಹತ್ರ ಸಾಲ ಇದೆ?" ಎಂದು ಕೇಳಿ. ಪುಸ್ತಕ ನೋಡದೆ ಹೇಳಿದರೆ ಸೇರಿ. "ಅದೆಲ್ಲಾ ಅಧ್ಯಕ್ಷರಿಗೆ ಗೊತ್ತು ಕಣವ್ವ" ಎಂದರೆ ಬೇರೆ ಸಂಘ ಹುಡುಕಿ.